ಇವರು ಬಿದ್ದ ಸದ್ದು

ಪ್ರಕಾಶ ಫ್ಲೆಕ್ಸ್ ತಂದು ಜಗಲಿಯಲ್ಲಿ ಬಿಡಿಸಿದಾಗ ಅದರಲ್ಲಿ ಬರೆದದ್ದನ್ನು ನಾನು ಓದಿದ್ದು ಆಮೇಲೆ. ಮೊದಲು ಬಂದದ್ದು ವಾಸನೆ. ಆಗಷ್ಟೇ ಅಚ್ಚಾದ ಪ್ಲಾಸ್ಟಿಕ್ಕು, ಬಣ್ಣ, ಅದರೊಳಗೆ ಸೀಮೆಎಣ್ಣೆಯಂಥ ಏನೋ ಒಂದು. ನಾನು ಕಂಬ ಹಿಡಿದು ನಿಂತೆ. ಜೋರ್ಡಾನಿನ ಗಡಿಯ ಮರಳಿನಲ್ಲಿ ನಾವು ಮಲಗಿದ್ದ ಟೆಂಟಿಗೆ ಬಿಸಿಲೇರಿದಾಗ ಇದೇ ವಾಸನೆ ಬರುತ್ತಿತ್ತು.

"ಹೇಗುಂಟು ಮಾಮಿ?" ಎಂದ ಪ್ರಕಾಶ. ಇವನು ನನ್ನ ಯಜಮಾನರ ಅಕ್ಕನ ಮಗ. ಭಾನುವಾರದ ಶ್ರದ್ಧಾಂಜಲಿ ಸಭೆಯ ಓಡಾಟವೆಲ್ಲ ಅವನದೇ.

ಫ್ಲೆಕ್ಸ್‌ನಲ್ಲಿ ಇವರು ಬಿಳಿ ಕರಾಟೆ ಅಂಗಿಯಲ್ಲಿ ನಗುತ್ತಿದ್ದರು. ಸೊಂಟಕ್ಕೆ ಒಂದು ಕಪ್ಪು ಬೆಲ್ಟ್. ಮೂಲ ಫೋಟೋದಲ್ಲಿ ಬೆಲ್ಟ್ ಇರಲಿಲ್ಲ, ಕಂಪ್ಯೂಟರಿನಲ್ಲಿ ಅಂಟಿಸಿದ್ದರು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ಕುವೈತಿನಲ್ಲಿ ಶತ್ರು ಸೈನಿಕರನ್ನು ಬರಿಗೈಯಲ್ಲಿ ಹೊಡೆದುರುಳಿಸಿದ ವೀರ, ಸಾಹಸ ನಟ ಸದಾನಂದ ಮಾಸ್ಟರ್.

"ಹೀಗೆ ಆಗಿಲ್ಲ ಪ್ರಕಾಶ."

"ಜನರಿಗೆ ಗೊತ್ತಿರೋದು ಇದೇ ಅಲ್ವಾ ಮಾಮಿ? ಮಾಮ ಇದ್ದಾಗ ಇಲ್ಲ ಇಲ್ಲ ಅಂತಿದ್ರು. ಈಗ ಅವರೇ ಇಲ್ಲ. ಸುಳ್ಳು ಅಂತ ಹೇಳ್ಲಿಕ್ಕೆ ಯಾರಿದ್ದಾರೆ?"

ನಾನಿದ್ದೇನೆ. ಹತ್ತನೇ ಕ್ಲಾಸು ಓದಿ ಹೊಲಿಗೆ ಕಲಿತವಳು, ಬರೆದು ಅಭ್ಯಾಸವಿಲ್ಲ. ಆದರೂ ಆ ವರ್ಷದ ಬಗ್ಗೆ ನಾನೇ ಬರೆಯಬೇಕು. ಯಾಕೆಂದರೆ ಇವರು ಸೋತದ್ದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ.

ನಾವು ಇದ್ದದ್ದು ಕುವೈತಿನ ಅಬ್ಬಾಸಿಯಾದ ಒಂದು ಕೋಣೆಯ ಫ್ಲ್ಯಾಟಿನಲ್ಲಿ. ಹಗಲು ಇವರಿಗೆ ಸಬ್ಹಾನಿನ ಬಿಸ್ಕತ್ತು ಗೋದಾಮಿನಲ್ಲಿ ಕೆಲಸ, ನನಗೆ ಸಲ್ವಾದಲ್ಲಿ ಒಂದು ಲೇಡೀಸ್ ಟೈಲರ್ ಅಂಗಡಿಯಲ್ಲಿ. ಸಂಜೆ ತಾರಸಿಯ ಕಾವು ಕಾಲಿಗೆ ತಡೆದುಕೊಳ್ಳುವಷ್ಟಾದ ಮೇಲೆ ಇವರು ನಮ್ಮ ಕಡೆಯ ಮಕ್ಕಳಿಗೆ ಅಲ್ಲಿ ಕರಾಟೆ ಕಲಿಸುತ್ತಿದ್ದರು. ಮದುವೆಗೆ ಮೊದಲೇ ಮಂಗಳೂರಿನಲ್ಲಿ ಕಲಿತು ಬ್ಲ್ಯಾಕ್ ಬೆಲ್ಟ್ ಪಡೆದವರು. ಗೋದಾಮಿನಲ್ಲಿ ಇವರನ್ನು ಯಾರೂ ಗಮನಿಸುತ್ತಿರಲಿಲ್ಲ. ತಾರಸಿಯಲ್ಲಿ ಮಾತ್ರ ಮಾಸ್ಟರ್. ಇವರದ್ದೂ ಮಕ್ಕಳದ್ದೂ ಬಿಳಿ ಅಂಗಿ, ಪ್ಯಾಂಟು ಎಲ್ಲ ನಾನೇ ಹೊಲಿಯುತ್ತಿದ್ದೆ. ದಪ್ಪ ಡ್ರಿಲ್ ಬಟ್ಟೆ, ಕಂಕುಳಲ್ಲಿ ಎರಡೆರಡು ಹೊಲಿಗೆ. ಇಲ್ಲದಿದ್ದರೆ ಒಂದೇ ಎಳೆತಕ್ಕೆ ಬಾಯಿ ಬಿಡುತ್ತಿತ್ತು.

ಹೊಸದಾಗಿ ಸೇರಿದವರಿಗೆ ಇವರು ತಿಂಗಳುಗಟ್ಟಲೆ ಬೀಳುವುದನ್ನು ಮಾತ್ರ ಕಲಿಸುತ್ತಿದ್ದರು. ಯಾರೋ ಬಿಸಾಡಿದ ಹಾಸಿಗೆಗಳನ್ನು ಸಾಲಾಗಿ ಹಾಕಿ, ಗದ್ದ ಎದೆಗೆ ಒತ್ತಿ ಹಿಂದಕ್ಕೆ ಬೀಳಿ ಎನ್ನುತ್ತಿದ್ದರು. ಬೆನ್ನು ನೆಲ ಮುಟ್ಟುವ ಹೊತ್ತಿಗೆ ಅಂಗೈಯಿಂದ ಮೊಣಕೈವರೆಗೆ ಇಡೀ ತೋಳನ್ನು ನೆಲಕ್ಕೆ ಬಡಿಯಬೇಕು. ಚಟ್ ಎಂದು ಸದ್ದು ಬರಬೇಕು. ಹಾಗೆ ಬಡಿದರೆ ಬೆನ್ನಿಗೆ ಬರುವ ಪೆಟ್ಟು ತೋಳಿನಲ್ಲಿ ಹಂಚಿಹೋಗುತ್ತದಂತೆ. ಸದ್ದು ಬಾರದಿದ್ದರೆ "ನೀನು ಬಿದ್ದಿಲ್ಲ, ಜಾರಿದ್ದು. ಮತ್ತೆ ಬೀಳು" ಎನ್ನುತ್ತಿದ್ದರು.

ಕೆಳಗೆ ದಿನಸಿ ಅಂಗಡಿ ಇಟ್ಟಿದ್ದ ಹಮೀದಣ್ಣ ಉಪ್ಪಿನಂಗಡಿ ಕಡೆಯ ಬ್ಯಾರಿ. ಅವರ ಮಗಳು ಝೀನತ್, ಎಂಟೋ ಒಂಬತ್ತೋ ವರ್ಷದವಳು, ತಾರಸಿಯ ಕ್ಲಾಸಿನಲ್ಲಿ ಒಬ್ಬಳೇ ಹುಡುಗಿ. ಹಮೀದಣ್ಣ ಒಂದು ದಿನ ತಾರಸಿಗೇ ಬಂದರು.

"ಅಲ್ಲ ಮಾಷ್ಟ್ರೆ, ಇವಳು ನಡೀಲಿಕ್ಕೆ ಶುರು ಮಾಡಿದಾಗಿಂದ ಬೀಳ್ತಾನೇ ಇದ್ದಾಳೆ. ಅದಕ್ಕೆ ಕ್ಲಾಸು ಎಂತಕ್ಕೆ? ಹೊಡೀಲಿಕ್ಕೆ ಕಲಿಸಿ ಮಾರಾಯ್ರೆ."

"ಹೊಡೀಲಿಕ್ಕೆ ಎಲ್ಲರಿಗೂ ಬರ್ತದೆ ಹಮೀದಣ್ಣ. ನೀವೂ ಅಂಗಡೀಲಿ ನೊಣ ಹೊಡೀತೀರಲ್ಲ."

ಹಮೀದಣ್ಣ ನಕ್ಕು ಇಳಿದು ಹೋದರು.

ತೊಂಬತ್ತರ ಆ ಆಗಸ್ಟಿನ ಬೆಳಿಗ್ಗೆ ಎದ್ದಾಗ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳಿದ್ದವು. ಅದನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಗೋದಾಮು ಮುಚ್ಚಿತು, ನನ್ನ ಅಂಗಡಿಯ ಬಾಗಿಲು ಒಡೆದು ಹೊಲಿಗೆ ಮಿಷನ್ನುಗಳನ್ನು ಕೂಡ ಹೊತ್ತೊಯ್ದರು. ನಮ್ಮ ಕಫೀಲ್, ಅಂದರೆ ನಮ್ಮ ವೀಸಾಕ್ಕೆ ಹೊಣೆಯಾಗಿದ್ದ ಅರಬ, ಎಲ್ಲಿದ್ದಾನೆಂದೇ ಗೊತ್ತಿರಲಿಲ್ಲ. ಜನ ಬಾಗಿಲು ಹಾಕಿ ರೇಡಿಯೋಗೆ ಕಿವಿ ಹಚ್ಚಿ ಕುಳಿತರು. ಇವರು ಮಾತ್ರ ಕ್ಲಾಸು ನಿಲ್ಲಿಸಲಿಲ್ಲ.

ತಾರಸಿಯಲ್ಲಿ ಯಾರಾದರೂ ಓಡಾಡಿದರೆ ಕೆಳಗಿನಿಂದ ಗುಂಡು ಬರಬಹುದು ಎಂದು ಹಾಸಿಗೆಗಳನ್ನು ಎರಡನೇ ಮಹಡಿಯ ನಡುಹಾದಿಗೆ ಇಳಿಸಿದರು. ಕರಾಟೆಯವರು ಹೊಡೆಯುವಾಗ ಹಾಕುವ ಕೂಗನ್ನು ನಿಲ್ಲಿಸಿದರು. ಮಕ್ಕಳು ಬಾಯಿ ಮುಚ್ಚಿಕೊಂಡು ಗುದ್ದುತ್ತಿದ್ದರು, ಬಾಯಿ ಮುಚ್ಚಿಕೊಂಡು ಬೀಳುತ್ತಿದ್ದರು. ಅಂಗೈ ಹಾಸಿಗೆಗೆ ಬಡಿಯುವ ಸದ್ದು ಮಾತ್ರ ಬರುತ್ತಿತ್ತು. ನಾಲ್ಕನೇ ಮಹಡಿಯವರೊಬ್ಬರು ಬಂದು "ನಿಮಗೆ ತಲೆ ಸಮ ಉಂಟಾ ಮಾಸ್ಟರ್? ಹೊರಗೆ ಯುದ್ಧ, ಒಳಗೆ ಡಿಶುಂ ಡಿಶುಂ" ಎಂದು ರೇಗಿದರು.

"ಮಕ್ಕಳು ದಿನವಿಡೀ ಕೋಣೆಯೊಳಗೆ ಕೂತರೆ ನಿಮ್ಮ ಮುಖ ನೋಡಿ ಹೆದರೋದು ಕಲೀತಾರೆ. ನನ್ನ ಹತ್ರ ಬೇರೆ ಏನಾದ್ರೂ ಕಲೀಲಿ" ಎಂದರು ಇವರು. ಅವರು ಮರುದಿನ ತಮ್ಮ ಮಗನನ್ನೂ ಕಳಿಸಿದರು.

ಬ್ರೆಡ್ಡಿಗೆ ಸಾಲು, ನೀರಿಗೆ ಸಾಲು. ಹಮೀದಣ್ಣ ಅಂಗಡಿಯಲ್ಲಿ ಉಳಿದ ಅಕ್ಕಿ, ಬೇಳೆಯನ್ನು ಕಟ್ಟಡದವರಿಗೆ ಹಂಚಿ ಖಾಲಿ ಮಾಡಿದರು. ಸೆಪ್ಟೆಂಬರಿನಲ್ಲಿ ನಮ್ಮವರು ಸೇರಿ ಬಸ್ಸು ಗೊತ್ತುಮಾಡಿದರು: ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿಗೆ, ಅಲ್ಲಿಂದ ವಿಮಾನ. ಒಬ್ಬರಿಗೆ ಒಂದೇ ಬ್ಯಾಗು ಎಂದಿದ್ದರು. ಇವರು ಎಲ್ಲಕ್ಕಿಂತ ಮೊದಲು ತಮ್ಮ ಕರಾಟೆ ಅಂಗಿಯನ್ನು ಮಡಚಿ ಇಟ್ಟು ಅದರ ಮೇಲೆ ಬೆಲ್ಟನ್ನು ಸುತ್ತಿಟ್ಟರು.

"ಅದು ಎಂತಕ್ಕೆ? ಆ ಜಾಗದಲ್ಲಿ ಒಂದು ಕಂಬಳಿ ಹಿಡಿಸ್ತದೆ" ಎಂದೆ.

"ಚಳಿಯಾದ್ರೆ ಇದನ್ನೇ ಹೊದೀತೇನೆ" ಎಂದರು.

ನಮ್ಮಂಥವರು ಮಾತ್ರ ಮಾಡುವ ತಪ್ಪು ಅದು. ಕುವೈತಿನ ಸೈನಿಕರು ಸಮವಸ್ತ್ರ ಕಳಚಿ ಜನರ ನಡುವೆ ಅಡಗಿದ್ದಾರೆ ಎಂದು ಇರಾಕಿಗಳು ಹುಡುಕುತ್ತಿದ್ದ ಕಾಲ. ಬ್ಯಾಗಿನಲ್ಲಿ ಯಾವುದೇ ತರಹದ ಸಮವಸ್ತ್ರ ಇರಬಾರದಿತ್ತು. ನಮಗೆ ಅದು ಸಮವಸ್ತ್ರ ಎಂದು ತೋಚಲೇ ಇಲ್ಲ. ನಮ್ಮ ಲೆಕ್ಕದಲ್ಲಿ ಅದು ಮಕ್ಕಳ ಕ್ಲಾಸಿನ ಬಟ್ಟೆ.

ಬಸ್ರಾಕ್ಕೆ ಮೊದಲು ಒಂದು ತಪಾಸಣೆ ಠಾಣೆ. ಎಲ್ಲರ ಬ್ಯಾಗೂ ರಸ್ತೆಯ ಮೇಲೆ. ನಮ್ಮ ಮುಂದಿನ ಬಸ್ಸಿನಿಂದ ಇಳಿಸಿದ ಇಬ್ಬರು ಗಂಡಸರು ತಲೆಯ ಮೇಲೆ ಕೈ ಇಟ್ಟುಕೊಂಡು ಗೋಡೆಯ ಬದಿಯಲ್ಲಿ ಕುಕ್ಕರಿಸಿದ್ದರು. ಅವರ ಬಸ್ಸು ಹೋಗಿಯಾಗಿತ್ತು. ಹೆಂಗಸರು, ಮಕ್ಕಳು ಬಸ್ಸಿನಲ್ಲೇ ಇರಬೇಕೆಂದರು. ಝೀನತ್ ನನ್ನ ಪಕ್ಕದ ಕಿಟಕಿಗೆ ಮುಖ ಒತ್ತಿ ಕುಳಿತಿದ್ದಳು. ಒಬ್ಬ ಸೈನಿಕ ಇವರ ಬ್ಯಾಗಿನಿಂದ ಬಿಳಿ ಅಂಗಿಯನ್ನು ಬಂದೂಕಿನ ತುದಿಯಲ್ಲಿ ಎತ್ತಿದ. ಮೀಸೆ ಸರಿಯಾಗಿ ಮೂಡಿರದ ಹುಡುಗ. ಕುರ್ಚಿಯ ಮೇಲೆ ಕುಳಿತಿದ್ದ ಹಿರಿಯವನು ಏನೋ ಕೇಳಿದ. ಅರಬ್ಬಿ ಚೆನ್ನಾಗಿ ಬರುತ್ತಿದ್ದದ್ದು ಹಮೀದಣ್ಣನಿಗೆ ಮಾತ್ರ.

"ಇದು ಯಾವ ಸೈನ್ಯದ್ದು ಅಂತ ಕೇಳ್ತಾನೆ ಮಾಷ್ಟ್ರೆ."

"ಆಟದ ಬಟ್ಟೆ ಅಂತ ಹೇಳಿ."

ಹಮೀದಣ್ಣ ಹೇಳಿದರು. ಆ ಹುಡುಗನ ಮುಖ ಅರಳಿತು. "ಕರಾಟೆ! ಕರಾಟೆ!" ಎಂದು ಕೈ ಬೀಸಿದ. ಅವನೂ ಎಲ್ಲೋ ಸಿನಿಮಾ ನೋಡಿದ್ದಿರಬೇಕು. ಹಿರಿಯವನು ಕುರ್ಚಿಯಿಂದ ಏಳದೆಯೇ ಇನ್ನೇನೋ ಹೇಳಿದ. ಹಮೀದಣ್ಣನ ದನಿ ಸಣ್ಣದಾಯಿತು.

"ಆಟ ಆದ್ರೆ ಆಡಿ ತೋರಿಸು ಅಂತಾನೆ. ಈ ಹುಡುಗನ ಜೊತೆ. ಸುಳ್ಳಾದ್ರೆ ನಿಮ್ಮನ್ನೂ ಅಲ್ಲಿ ಗೋಡೆ ಹತ್ರ ಕೂರಿಸ್ತಾನಂತೆ."

ಇವರು ಆ ನಡು ಮಧ್ಯಾಹ್ನ ಡಾಂಬರು ರಸ್ತೆಯಲ್ಲಿ ನಿಂತು ಶರ್ಟಿನ ಮೇಲೆಯೇ ಬಿಳಿ ಅಂಗಿ ತೊಟ್ಟುಕೊಂಡರು. ಬೆಲ್ಟನ್ನು ಅವಸರವಿಲ್ಲದೆ ಕಟ್ಟಿದರು, ತಾರಸಿಯಲ್ಲಿ ಕಟ್ಟುವ ಹಾಗೆಯೇ, ಎರಡು ತುದಿ ಸಮ ಇದೆಯೇ ಎಂದು ನೋಡಿಕೊಂಡು. ಆಮೇಲೆ ಆ ಹುಡುಗನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಎದುರಾಳಿ ಯಾರೇ ಆಗಲಿ, ಮೊದಲು ನಮಸ್ಕಾರ. ಅದು ಕರಾಟೆಯ ಕ್ರಮ. ಸೈನಿಕರು ಹೋ ಎಂದು ನಕ್ಕರು.

ಮೊದಲ ಒದೆ ಇವರ ಪಕ್ಕೆಗೆ ನಿಜವಾಗಿಯೇ ಬಿತ್ತು. ಬೂಟುಕಾಲಿನ ಒದೆ. ಇವರು ಅಲುಗಲಿಲ್ಲ. ಹುಡುಗನ ನಗು ನಿಂತಿತು. ಹಿರಿಯವನು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದ. ಇವರು ಆ ಹುಡುಗನ ಮುಖ ನೋಡಿದರು, ಹಿರಿಯವನ ತೊಡೆಯ ಮೇಲಿದ್ದ ಬಂದೂಕನ್ನು ನೋಡಿದರು, ಬಸ್ಸನ್ನು ನೋಡಿದರು. ಇವರು ಒಂದು ಏಟು ಹೊಡೆದಿದ್ದರೆ ಆ ಹುಡುಗ ಏಳುತ್ತಿರಲಿಲ್ಲ. ನಮ್ಮ ಬಸ್ಸೂ ಹೊರಡುತ್ತಿರಲಿಲ್ಲ.

ಎರಡನೇ ಒದೆ ಇವರ ಎದೆಯಿಂದ ಒಂದು ಗೇಣು ದೂರದಲ್ಲಿತ್ತು. ನಾನು ಕಣ್ಣಾರೆ ಕಂಡದ್ದು. ಕಾಲು ಮುಟ್ಟಲೇ ಇಲ್ಲ. ಇವರು ಹಿಂದಕ್ಕೆ ಹಾರಿ ಬಿದ್ದರು. ಡಾಂಬರಿನ ಮೇಲೆ ಚಟ್ ಎಂದು ತೋಳು ಬಡಿದ ಸದ್ದು ಬಸ್ಸಿನೊಳಗೂ ಕೇಳಿತು. ಸೈನಿಕರು ಕುಣಿದಾಡಿದರು. ಹುಡುಗನಿಗೆ ಹುರುಪು ಬಂತು. ಇವರು ಏಳುತ್ತಿದ್ದರು, ಅವನು ಒದೆಯುತ್ತಿದ್ದ, ಇವರು ಬೀಳುತ್ತಿದ್ದರು. ಒಮ್ಮೆ ಬೆನ್ನ ಮೇಲೆ, ಒಮ್ಮೆ ಮಗ್ಗುಲಿಗೆ, ಒಮ್ಮೆ ಪೂರ್ತಿ ಉರುಳಿ. ತಿಂಗಳುಗಟ್ಟಲೆ ಮಕ್ಕಳಿಗೆ ಕಲಿಸಿದ ಎಲ್ಲ ಬೀಳುವಿಕೆಯನ್ನೂ ಒಂದೂ ಬಿಡದೆ ಬಿದ್ದು ತೋರಿಸಿದರು. ಆ ಹೊತ್ತಿನಲ್ಲಿ ನಾನು ನೋಡುತ್ತಿದ್ದದ್ದು ಕಂಕುಳ ಹೊಲಿಗೆಯನ್ನು. ಅದು ಬಿಡಲಿಲ್ಲ.

ಕೊನೆಗೆ ಹುಡುಗ ದಣಿದು ಎರಡೂ ಕೈ ಮೇಲೆತ್ತಿದ. ಇವರು ಎದ್ದು ಮತ್ತೆ ನಮಸ್ಕರಿಸಿದರು. ಆಗ ಅವನೂ, ಯಾಕೋ, ತಲೆ ಸ್ವಲ್ಪ ಬಗ್ಗಿಸಿದ. ನಂತರ ಮುಂದೆ ಬಂದು ಇವರ ಸೊಂಟದ ಬೆಲ್ಟು ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡ. ಗಂಟು ಹಾಕಲು ಬರದೆ ತಡಕಾಡಿದ. ಇವರೇ ಕೈ ಚಾಚಿ ಸರಿಯಾಗಿ ಕಟ್ಟಿಕೊಟ್ಟರು.

"ಯಲ್ಲಾ, ಖಲಾಸ್!" ಎಂದ ಹಿರಿಯವನು, ಕೈ ಬೀಸಿ. ಮುಗಿಯಿತು, ಹೊರಡಿ ಎಂದು.

ಬಸ್ಸು ಹೊರಟ ಮೇಲೆ ಹಿಂದಿನ ಸೀಟಿನಿಂದ ಯಾರೋ "ಛೆ, ಎಂತ ಮಾನ ಹೋಯ್ತು ಮಾರಾಯ, ಒಂದು ಬಾರಿಸ್ಲಿಕ್ಕೆ ಆಗ್ಲಿಲ್ವಾ?" ಎಂದರು. ಹಮೀದಣ್ಣ ತಿರುಗಿ ನಿಂತರು.

"ಯಾರದ್ದು ಮಾನ ಹೋದದ್ದು? ನೀನು ಕೂತ ಬಸ್ಸು ಹೋಗ್ತಾ ಉಂಟಲ್ಲ? ಹೋಗುವುದು ಬೇಡದಿದ್ರೆ ಇಳಿ. ಇಳಿದು ಬಾರಿಸಿ ಬಾ."

ಇವರು ನನ್ನ ಪಕ್ಕ ಬಂದು ಕುಳಿತರು. ತೋಳು ಮೊಣಕೈವರೆಗೆ ತರಚಿ ಡಾಂಬರಿನ ಕಲ್ಲು ಕಚ್ಚಿಕೊಂಡಿತ್ತು. ಝೀನತ್ ಎದ್ದು ದೂರ ಹೋಗಿ ಅಪ್ಪನ ಬಳಿ ಕುಳಿತಳು. ಬಾಗ್ದಾದ್ ದಾಟುವವರೆಗೂ ಇವರ ಕಡೆ ತಿರುಗಿ ನೋಡಲಿಲ್ಲ.

ಅವಳು ಬಾಯಿ ಬಿಟ್ಟದ್ದು ಜೋರ್ಡಾನಿನ ಗಡಿಯ ಟೆಂಟಿನಲ್ಲಿ. ಹಗಲು ಒಳಗೆ ಕುಳಿತರೆ ಬೇಯುವ ಬಿಸಿ, ಹೊರಗೆ ಮರಳು ಗಾಳಿ. ನೀರಿನ ಟ್ಯಾಂಕರಿಗೆ ಕಾಯುತ್ತ ಇವರು ಬ್ಯಾಗಿಗೆ ಒರಗಿದ್ದರು. ಅವಳು ಎದುರು ಬಂದು ಸೊಂಟಕ್ಕೆ ಕೈ ಇಟ್ಟು ನಿಂತಳು.

"ಯು ಲಾಸ್ಟ್. ಬ್ಲಾಕ್ ಕೂಡ ಮಾಡ್ಲಿಲ್ಲ ನೀವು. ವೈ?"

"ಸದ್ದು ಬಂತಾ ನಾನು ಬೀಳುವಾಗ?"

"ಬಂತು."

"ಪ್ರತಿ ಸಲ?"

"ಹ್ಞೂಂ."

"ಮತ್ತೆ? ನಿನಗೆ ಒಂದು ಸಲವಾದ್ರೂ ಅಷ್ಟು ಜೋರು ಸದ್ದು ಬಂದಿದೆಯಾ?"

ಅವಳಿಗೆ ಸಿಟ್ಟು ತಡೆಯಲಾಗಲಿಲ್ಲ. ಗದ್ದ ಎದೆಗೆ ಒತ್ತಿ ಅಲ್ಲೇ ಮರಳ ಮೇಲೆ ಹಿಂದಕ್ಕೆ ಬಿದ್ದಳು. ಮರಳಿನಲ್ಲಿ ಸದ್ದು ಎಲ್ಲಿ ಬರುತ್ತದೆ? ಮತ್ತೆ ಎದ್ದಳು, ಮತ್ತೆ ಬಿದ್ದಳು. ಇವರು ಎದ್ದು ಹೋಗಿ ಅವಳ ಕತ್ತಿನ ಹಿಂದೆ ಕೈ ಇಟ್ಟು "ಗದ್ದ ಇನ್ನೂ ಒಳಗೆ" ಎಂದರು. ಆ ದಿನದಿಂದ ಟೆಂಟುಗಳ ನಡುವೆ ಕ್ಲಾಸು ಶುರುವಾಯಿತು. ಗುರುತಿಲ್ಲದ ಮಕ್ಕಳೂ ಬಂದು ಸೇರಿದರು. ಈ ಸಲ ಕೂಗಬಹುದು ಎಂದಿದ್ದರು. ವಿಮಾನ ಸಿಗುವವರೆಗೂ ಮಕ್ಕಳು ಗಂಟಲು ಹರಿಯುವ ಹಾಗೆ ಕೂಗಿದರು.

ಊರಿಗೆ ಬಂದ ಮೇಲೆ ಚಳಿಗಾಲವೆಲ್ಲ ಇವರಿಗೆ ಕೆಲಸವಿರಲಿಲ್ಲ. ಯುದ್ಧ ಮುಗಿದ ದಿನಗಳಲ್ಲಿ ಪತ್ರಿಕೆಯಲ್ಲಿ ಒಂದು ಚಿತ್ರ ಬಂತು: ಕುವೈತಿನಿಂದ ಬಸ್ರಾಕ್ಕೆ ಹೋಗುವ ದಾರಿಯುದ್ದಕ್ಕೂ ಸುಟ್ಟು ಕರಕಲಾದ ಲಾರಿ, ಕಾರು, ಟ್ಯಾಂಕು. ವಾಪಸು ಓಡುತ್ತಿದ್ದ ಇರಾಕಿ ಸೈನಿಕರ ಮೇಲೆ ಬಾಂಬು ಹಾಕಿದ್ದರು. ಓಣಿಯಲ್ಲಿ ಎಲ್ಲರೂ "ಹಾಗೇ ಆಗಬೇಕು ಅವರಿಗೆ" ಎಂದರು. ನಾನೂ ಅಂದೆ. ಇವರು ಆ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಏನು ಹುಡುಕ್ತಾ ಇದ್ದೀರಿ?"

"ಆ ಹುಡುಗ ನನ್ನ ಬೆಲ್ಟ್ ಕಟ್ಟಿಕೊಂಡು ಎಲ್ಲಿ ಹೋದನೋ" ಎಂದರು. "ಅವನಿಗೆ ಬೀಳ್ಲಿಕ್ಕೆ ಯಾರೂ ಕಲಿಸಿರಲಿಲ್ಲ."

ಹೊಸ ಬೆಲ್ಟ್ ಹೊಲಿದುಕೊಡುತ್ತೇನೆ ಎಂದು ಎಷ್ಟೋ ಸಲ ಹೇಳಿದೆ. ಬೇಡ ಎಂದರು. ಆಮೇಲೆ ಜೀವಮಾನದಲ್ಲಿ ಬೆಲ್ಟ್ ಕಟ್ಟಲಿಲ್ಲ.

ಅದೇ ವರ್ಷ ಮಲ್ಪೆಯ ಬಂದರಿಗೆ ಒಂದು ಸಿನಿಮಾ ಶೂಟಿಂಗ್ ಬಂತು. ದೋಣಿಯ ಮೇಲಿಂದ ದಡದ ಹಲಗೆಗಳ ಮೇಲೆ ಬೀಳಬೇಕಿದ್ದ ಫೈಟರ್ ಜ್ವರ ಬಂದು ಮಲಗಿದ್ದ. ನೋಡಲು ಹೋಗಿದ್ದ ಇವರು "ನಾನು ಬೀಳ್ತೇನೆ" ಎಂದರಂತೆ. ಬಿದ್ದರು. ಸ್ಟಂಟ್ ಮಾಸ್ಟರ್ ಮೂರು ಸಲ ಬೀಳಿಸಿ ನೋಡಿ "ಎಲ್ಲಿ ಕಲಿತ್ರಿ ಇದನ್ನ?" ಎಂದು ಕೇಳಿದರಂತೆ.

"ತಾರಸಿ ಮೇಲೆ ಕಲಿಸ್ತಿದ್ದೆ. ಪರೀಕ್ಷೆ ರಸ್ತೆ ಮೇಲೆ ಆಯ್ತು."

ಹಾಗೆ ಶುರುವಾದದ್ದು. ಕೆಲವೇ ತಿಂಗಳಲ್ಲಿ ಒಬ್ಬ ನಿರ್ಮಾಪಕರು ಇವರನ್ನು ಹೀರೋ ಮಾಡುತ್ತೇನೆಂದು ಬೆಂಗಳೂರಿಗೆ ಕರೆಸಿದರು. ಎಲ್ಲರ ಬಾಯಲ್ಲೂ ಕುವೈತ್ ಇದ್ದ ಕಾಲ. ಬ್ಲ್ಯಾಕ್ ಬೆಲ್ಟ್, ಕುವೈತಿನಿಂದ ಬಂದವರು, ಸೈನಿಕರ ಜೊತೆ ಏನೋ ಆಗಿದೆಯಂತೆ. ಅವರಿಗೆ ಅಷ್ಟು ಸಾಕಿತ್ತು. ಪತ್ರಕರ್ತರನ್ನು ಕೂರಿಸಿ ಊಟ ಹಾಕಿ, ಸೈನಿಕರನ್ನು ಹೊಡೆದುರುಳಿಸಿದ ಕತೆಯನ್ನು ತಾವೇ ಹೇಳಿದರು. ಒಬ್ಬರು ಇವರತ್ತ ತಿರುಗಿ "ಎಷ್ಟು ಜನರನ್ನ ಹೊಡೆದ್ರಿ ಸರ್?" ಎಂದರು.

"ಯಾರನ್ನೂ ಇಲ್ಲ. ಒಬ್ಬ ಹುಡುಗನ ಕೈಲಿ ಸೋತೆ" ಎಂದರು ಇವರು.

ನಾನು ಹಿಂದಿನ ಕುರ್ಚಿಯಲ್ಲಿದ್ದೆ. ನಿರ್ಮಾಪಕರು ಇವರನ್ನು ಪಕ್ಕಕ್ಕೆ ಕರೆದು "ಬೇಕೂಂತ ಸೋತದ್ದು, ಮನಸ್ಸು ಮಾಡಿದ್ರೆ ಗೆಲ್ತಿದ್ದೆ ಅಂತಾದ್ರೂ ಹೇಳಿ ಮಾರಾಯ್ರೆ!" ಎಂದು ಕೈ ಹಿಡಿದುಕೊಂಡರು.

"ಕ್ಯಾಮೆರಾ ಎದುರು ಯಾರನ್ನು ಬೇಕಾದ್ರೂ ಹೊಡೀತೇನೆ ಸರ್, ಅದು ಕೆಲಸ. ಇಲ್ಲಿ ಬೇಡ. ಆ ಹುಡುಗ ಬದುಕಿಲ್ಲದಿದ್ರೆ? ಸತ್ತವನನ್ನ ಮತ್ತೆ ಎಂತಕ್ಕೆ ಹೊಡೀಬೇಕು?"

ಆ ಸಿನಿಮಾ ಬೇರೆಯವರಿಗೆ ಹೋಯಿತು. ಒಂದು ಪತ್ರಿಕೆ ಮಾತ್ರ ನಿರ್ಮಾಪಕರ ಕತೆಯನ್ನೇ ಅಚ್ಚುಮಾಡಿತು. ಅದು ಇವರಿಗಿಂತ ಮುಂದೆ ಮುಂದೆ ಓಡಿತು. ಮದುವೆ ಮನೆ, ರಿಕ್ಷಾ ಸ್ಟ್ಯಾಂಡು, ಎಲ್ಲಿ ಯಾರು ಕೇಳಿದರೂ ಇವರು ನಿಂತು ತಿದ್ದುತ್ತಿದ್ದರು.

ಮುಂದಿನ ವರ್ಷಗಳಲ್ಲಿ ಇವರು ಪೆಟ್ಟು ತಿನ್ನುವ ಪಾತ್ರಗಳನ್ನೇ ಮಾಡಿದರು. ಮೊದಲು ಖಳನಾಯಕನ ಹಿಂದೆ ನಿಲ್ಲುವವರು, ಆಮೇಲೆ ಖಳನಾಯಕರು. ಪ್ರತಿ ಶಾಟ್‌ಗೂ ಮೊದಲು ಎದುರಿದ್ದವನಿಗೆ ಸೊಂಟ ಬಗ್ಗಿಸಿ ನಮಸ್ಕಾರ. ಸೆಟ್ಟಿನಲ್ಲಿ ಮೊದಮೊದಲು ನಗುತ್ತಿದ್ದರಂತೆ, ಬರಬರುತ್ತ ಹೀರೋಗಳು ಅದಕ್ಕಾಗಿ ಕಾದು ನಿಲ್ಲುತ್ತಿದ್ದರಂತೆ. ಪ್ರಕಾಶನ ಅಮ್ಮ, ನನ್ನ ಅತ್ತಿಗೆ, ಮಾತ್ರ ಬಂದಾಗಲೆಲ್ಲ ಚುಚ್ಚುತ್ತಿದ್ದರು: "ಬ್ಲ್ಯಾಕ್ ಬೆಲ್ಟ್ ಅಂತೆ! ಕಾಲೆತ್ತಲಿಕ್ಕೆ ಬಾರದ ಹೀರೋನ ಕೈಲಿ ಪೆಟ್ಟು ತಿನ್ನೋದು."

"ಅವನಿಗೆ ಕಾಲೆತ್ತಲಿಕ್ಕೆ ಬರೋದಿಲ್ಲ ಅಂತ ನಿಮಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗ್ಲಿಲ್ಲ ಅಕ್ಕ. ಅದೇ ನನ್ನ ಕೆಲಸ" ಎನ್ನುತ್ತಿದ್ದರು ಇವರು.

ಈ ಮಳೆಗಾಲದ ಶುರುವಿನಲ್ಲಿ ಒಂದು ಬೆಳಿಗ್ಗೆ ಇವರು ಬಚ್ಚಲಲ್ಲಿ ಬಿದ್ದರು. ನಾನು ದೋಸೆ ಹೊಯ್ಯುತ್ತಿದ್ದೆ. ಏನೋ ಕುಸಿದದ್ದು ಕೇಳಿತು, ತೋಳು ಬಡಿದ ಸದ್ದು ಕೇಳಲಿಲ್ಲ. ಬಾಗಿಲು ತಳ್ಳುವ ಮೊದಲೇ ನನಗೆ ತಿಳಿದಿತ್ತು. ಎಚ್ಚರವಿದ್ದಿದ್ದರೆ ಇವರು ಹಾಗೆ ಬೀಳುವವರಲ್ಲ. ಹೃದಯ ನಿಂತ ಮೇಲೆ ಬಿದ್ದದ್ದು ಎಂದು ಡಾಕ್ಟರು ಆಮೇಲೆ ಹೇಳಿದರು.

ಪ್ರಕಾಶ ಜಗಲಿಯಲ್ಲಿ ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದ. ನಾನು ಒಳಗೆ ಹೋಗಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದೆ. ನೆಲದ ಮೇಲೆ ಕುಳಿತು ಬೆಲ್ಟಿನ ಮೇಲಿಂದ, ಈ ಬದಿಯಿಂದ ಆ ಬದಿಗೆ, ನೇರವಾಗಿ ಕತ್ತರಿಸಿದೆ. ಬೆಲ್ಟೂ ಹೋಯಿತು, ಕೆಳಗಿನ ಅಕ್ಷರಗಳೂ ಹೋದವು.

"ಅಯ್ಯೋ ಮಾಮಿ! ಹೆಸರೂ ಹೋಯ್ತಲ್ಲ!"

"ಮುಖ ಇದೆಯಲ್ಲ, ಸಾಕು. ಹೆಸರು ಗೊತ್ತಿಲ್ಲದವರು ಸಭೆಗೆ ಯಾಕೆ ಬರ್ತಾರೆ?"

ಅವನು ತಲೆಯ ಮೇಲೆ ಕೈಹೊತ್ತು ಮೆಟ್ಟಿಲಲ್ಲಿ ಕುಳಿತ. "ಇನ್ನು ವಿಡಿಯೋದ ಕತೆ ಕೇಳಿ. ಸಭೇಲಿ ತೋರಿಸ್ಲಿಕ್ಕೆ ಮಾಮನ ಫೈಟುಗಳನ್ನ ಜೋಡಿಸಿ ಅಂತ ಸ್ಟುಡಿಯೋದವರಿಗೆ ಹೇಳಿದ್ದೆ. ಮಾಮ ಹೊಡೆಯೋದು ಹುಡುಕಿ ಹುಡುಕಿ ಸಾಕಾಯ್ತಂತೆ. ಎಲ್ಲದರಲ್ಲೂ ಬೀಳೋದೇ."

"ಅದನ್ನೇ ಹಾಕು" ಎಂದೆ.

ಭಾನುವಾರ ಸಭಾಂಗಣ ತುಂಬಿತ್ತು. ಝೀನತ್ ಕಾಲೇಜಿಗೆ ಹೋಗುವ ಮಗಳ ಜೊತೆ ಉಪ್ಪಿನಂಗಡಿಯಿಂದ ಬಂದಿದ್ದಳು. ಹಮೀದಣ್ಣ ಈಗಿಲ್ಲ. ಅವಳು ಬಂದು ನನ್ನ ಪಕ್ಕದ ಕುರ್ಚಿಯಲ್ಲೇ ಕುಳಿತಳು. ಭಾಷಣಗಳಲ್ಲಿ ಇಬ್ಬರು ಮತ್ತದೇ ಸೈನಿಕರ ಕತೆ ಹೇಳಿದರು. ನನ್ನನ್ನು ವೇದಿಕೆಗೆ ಕರೆದಾಗ ಮೈಕ್ ಹಿಡಿದು "ಅದು ಸುಳ್ಳು. ಇವರು ಯಾರನ್ನೂ ಹೊಡೆದಿಲ್ಲ. ಬಿದ್ದರು. ನಾನು ನೋಡಿದ್ದೇನೆ" ಎಂದಷ್ಟೇ ಹೇಳಿ ಇಳಿದು ಬಂದೆ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ದೀಪ ಆರಿಸಿ ವಿಡಿಯೋ ಹಾಕಿದರು. ಮೊದಲನೆಯದೇ ಮಲ್ಪೆಯ ದೋಣಿ. ಹೀರೋ ಒದೆಯುತ್ತಾನೆ, ಇವರು ಗಾಳಿಯಲ್ಲಿ ತಿರುಗಿ ಮರದ ಹಲಗೆಯ ಮೇಲೆ ಬೀಳುತ್ತಾರೆ. ಚಟ್. ಜನರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಸತ್ತವರು ಪೆಟ್ಟು ತಿನ್ನುವುದನ್ನು ನೋಡಿ ನಗುವಂತಿಲ್ಲ, ಹೀರೋಗೆ ಶಿಳ್ಳೆ ಹಾಕುವಂತಿಲ್ಲ. ನಾನು ಚಪ್ಪಾಳೆ ತಟ್ಟಿದೆ. ಒಬ್ಬಳೇ. ತಲೆಗಳು ತಿರುಗಿದವು. ಮತ್ತೊಂದು ದೃಶ್ಯ, ಮತ್ತೆ ಇವರು ಬಿದ್ದರು, ಮತ್ತೆ ತಟ್ಟಿದೆ. ಆ ಸಲ ಪಕ್ಕದಿಂದ ಇನ್ನೆರಡು ಕೈ ಸೇರಿದವು. ಝೀನತ್ ಅಳುತ್ತಿದ್ದಳು, ತಟ್ಟುತ್ತಿದ್ದಳು, ಮಗಳ ಕಿವಿಯಲ್ಲಿ "ಸದ್ದು ಕೇಳು, ಸದ್ದು ಕೇಳು" ಎನ್ನುತ್ತಿದ್ದಳು.

ಹಿಂದಿನ ಸಾಲಿನಲ್ಲೂ ಯಾರೋ ಶುರುಮಾಡಿದರು. ಪರದೆಯ ಮೇಲೆ ಇವರು ಕೈಯೂರಿ ಎದ್ದರು, ಅಂಗಿಯ ಮಣ್ಣು ಕೊಡವಿಕೊಂಡರು, ಮುಂದಿನ ಒದೆಗೆ ತಯಾರಾಗಿ ನಿಂತರು.